ಎಲ್ಲದರಲ್ಲೂ ತಪ್ಪು ಹುಡುಕುವ ಓರಗಿತ್ತಿ ಹಬ್ಬಕ್ಕೆ ಬಂದರೆ

ಗೌರಿ ಹಬ್ಬ ಹತ್ತಿರ ಬಂತು. ಮನೆ ತುಂಬ ನೆಂಟರು. ಅವರಲ್ಲಿ ಒಬ್ಬರಾದರೂ ಕೊಂಕು ಮಾತಿನವರು ಇದ್ದೇ ಇರುತ್ತಾರೆ, ಅಲ್ವಾ? ನಮ್ಮಲ್ಲಿ ಅದು ಹಿರಿ ಓರಗಿತ್ತಿ.

ಇಂಥವರಿಗೆ ಸಮಜಾಯಿಷಿ ಕೊಡಲು ಹೋಗಬೇಡಿ. "ಒಬ್ಬಟ್ಟಿನ ಕಣಕ ಗಟ್ಟಿಯಾಯ್ತು" ಅಂದಾಗ ಎಣ್ಣೆ ಎಷ್ಟು ಹಾಕಿದೆ, ಎಷ್ಟು ಹೊತ್ತು ನೆನೆಸಿದೆ ಅಂತ ಹೇಳುತ್ತಾ ಹೋದರೆ ಇನ್ನೂ ನಾಲ್ಕು ತಪ್ಪು ಸಿಗುತ್ತವೆ ಅಷ್ಟೇ. "ಹೌದಾ ಅಕ್ಕ, ಹಾಗಾದ್ರೆ ನೀವೇ ಸ್ವಲ್ಪ ನಾದಿ ಕೊಡಿ" ಅಂತ ತಟ್ಟೆ ಮುಂದಿಡಿ. ವ್ಯಂಗ್ಯ ಬೇಡ, ಮಾಮೂಲಿ ದನಿ ಸಾಕು. ಕೈಗೆ ಕೆಲಸ ಬಿದ್ದರೆ ಬಾಯಿ ಅರ್ಧ ಕಡಿಮೆಯಾಗುತ್ತದೆ. ಅವರ ಕೈರುಚಿ ನಿಜಕ್ಕೂ ಚೆನ್ನಾಗಿದ್ದರೆ ಹಾಗಂತ ಹೇಳಿ. ಸುಮ್ನೆ ಹೊಗಳಿದರೆ ಅವರಿಗೂ ಗೊತ್ತಾಗುತ್ತದೆ.

ಅಡುಗೆ ಬಗ್ಗೆ ಆಡಿದರೆ ಬಿಟ್ಟುಬಿಡಬಹುದು. ಮಗುವಿನ ಬಣ್ಣ, ಮಾರ್ಕ್ಸು, ನಿಮ್ಮ ತವರಿನ ಮಾತು ಬಂದರೆ ಬಿಡಬೇಡಿ. "ಅಕ್ಕ, ಅವಳ ಮುಂದೆ ಈ ಮಾತು ಬೇಡ" ಅಂತ ಅಲ್ಲೇ ಒಂದೇ ಸಲ ಹೇಳಿ, ಮಗುವನ್ನು ಕರೆದುಕೊಂಡು ಆಚೆ ಹೋಗಿ.

ಹಬ್ಬದ ರಾತ್ರಿ ಗಂಡನ ಹತ್ತಿರ ದೂರಿದರೆ ಪ್ರಯೋಜನವಿಲ್ಲ. ಮೊದಲೇ ಮಾತಾಡಿಕೊಳ್ಳಿ, ಅಣ್ಣ-ಅತ್ತಿಗೆಗೆ ಹೇಳಬೇಕಾದ್ದನ್ನು ಅವರೇ ಹೇಳಲಿ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಂತೂ ಉತ್ತರ ಕೊಡಲೇಬೇಡಿ. ಸ್ಕ್ರೀನ್‌ಶಾಟ್ ಊರೆಲ್ಲ ಸುತ್ತುತ್ತದೆ.

ಬೈಗುಳ, ಬೆದರಿಕೆ, ವರದಕ್ಷಿಣೆ ಮಾತು ಶುರುವಾದರೆ ಅದು ಹೊಂದಿಕೊಂಡು ಹೋಗುವ ವಿಷಯವೇ ಅಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಮಾತಿನ ಹಿಂಸೆಯೂ ಸೇರಿದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.