ವರ್ಚುಯಲ್ ಆರ್ಕೆಸ್ಟ್ರಾವನ್ನು ಸಭಾಂಗಣದೊಳಗೆ ಕೂರಿಸುವುದು

ಮುದ್ರಿತ ಸ್ವರಗಳಿಂದ ಕಂಪ್ಯೂಟರಿನಲ್ಲಿ ಕಟ್ಟಿದ ಆರ್ಕೆಸ್ಟ್ರಾದ ಎಲ್ಲ ಟ್ರ್ಯಾಕ್‌ಗೂ ಒಂದೇ ರಿವರ್ಬ್ (ಕೃತಕ ಅನುರಣನ) ಹಾಕಿ ಅದನ್ನು ಉದ್ದ ಮಾಡುತ್ತ ಹೋದರೆ ಆರ್ಕೆಸ್ಟ್ರಾ ದೊಡ್ಡದಾಗುವುದಿಲ್ಲ, ಮಸುಕಾಗುತ್ತದೆ ಅಷ್ಟೆ. ವಾದ್ಯದ ದೂರ ಕಿವಿಗೆ ತಿಳಿಯುವುದು ಮುಖ್ಯವಾಗಿ ನೇರ ಬಂದ ದನಿ ಎಷ್ಟು, ಗೋಡೆಗೆ ಬಡಿದು ಬಂದದ್ದು ಎಷ್ಟು ಎಂಬ ಪ್ರಮಾಣದಿಂದ. ದೂರ ಇಮ್ಮಡಿಯಾದರೆ ನೇರ ದನಿ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ; ಸಭಾಂಗಣದ ಅನುರಣನ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಮೊದಲು ಲೈಬ್ರರಿ (ವಾದ್ಯಗಳ ಮುದ್ರಿತ ಸ್ವರಗಳ ಸಂಗ್ರಹ) ಯಾವ ಬಗೆಯದು ನೋಡಿ. ಸಭಾಂಗಣದಲ್ಲೇ ಮುದ್ರಿಸಿದ್ದರೆ ದೂರ ಅದರ ಮೈಕ್‌ಗಳಲ್ಲೇ ಇದೆ. ಅದಕ್ಕೆ ಬಾಲ, ಅಂದರೆ ದನಿ ನಿಂತ ಮೇಲೂ ಉಳಿಯುವ ಅನುರಣನ, ಮಾತ್ರ ಸಾಕು. ಮೊದಲ ಪ್ರತಿಫಲನಗಳನ್ನೂ ಸೇರಿಸಿದರೆ ಕೋಣೆಯೊಳಗೊಂದು ಕೋಣೆ ಕೇಳಿಸುತ್ತದೆ. ಮುಂದಿನದೆಲ್ಲ ಒಣ, ಅಂದರೆ ಕೋಣೆಯ ಅನುರಣನವಿಲ್ಲದೆ ಮುದ್ರಿಸಿದ, ಲೈಬ್ರರಿಗೆ.

ನಾಲ್ಕು ಬಸ್ (ಹಲವು ಟ್ರ್ಯಾಕ್‌ಗಳ ದನಿ ಸೇರುವ ಚಾನೆಲ್) ಮಾಡಿ, ಎಲ್ಲದರಲ್ಲೂ ರಿವರ್ಬ್ 100% ವೆಟ್, ಅಂದರೆ ಒಣ ದನಿ ಬೆರೆಯದಂತೆ. ಮೊದಲ ಮೂರು ಮೊದಲ ಪ್ರತಿಫಲನಗಳಿಗೆ, ಕನ್ವಲ್ಯೂಷನ್ (ನಿಜವಾದ ಸಭಾಂಗಣದ ಮರುದನಿಯನ್ನು ಬಳಸುವ ರಿವರ್ಬ್): ತಂತಿವಾದ್ಯಕ್ಕೆ ಮುಂದು, ವುಡ್‌ವಿಂಡ್‌ಗೆ ನಡು, ಬ್ರಾಸ್ ಮತ್ತು ತಾಳವಾದ್ಯಕ್ಕೆ ಹಿಂದು. ಮೂರಕ್ಕೂ ಒಂದೇ ಸಭಾಂಗಣದ ಇಂಪಲ್ಸ್ ರೆಸ್ಪಾನ್ಸ್ (ಚಿಕ್ಕ ಸದ್ದಿಗೆ ಸಭಾಂಗಣ ಮರುದನಿಸಿದ್ದರ ಮುದ್ರಣ) ಬಳಸಿ, 80–100 ಮಿಲಿಸೆಕೆಂಡಿಗೆ ಕತ್ತರಿಸಿ. ನಾಲ್ಕನೆಯದು ಎಲ್ಲರಿಗೂ ಸೇರಿದ ಬಾಲ: ಅಲ್ಗಾರಿದಮಿಕ್ (ಲೆಕ್ಕಾಚಾರದಿಂದ ಹುಟ್ಟಿಸುವ) ರಿವರ್ಬ್, 1.8–2.1 ಸೆಕೆಂಡ್. ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಭಾಂಗಣದ ಅನುರಣನ ಜನ ತುಂಬಿದಾಗ ಸುಮಾರು 2 ಸೆಕೆಂಡ್. 3 ಸೆಕೆಂಡ್ ಎಂದರೆ ಚರ್ಚಿನ ಕಡೆಗೆ ಹೊರಟಂತೆ.

ಇಂಪಲ್ಸ್‌ನ ಅಲೆಯನ್ನು ಹಿಗ್ಗಿಸಿ ನೋಡಿ. ಆರಂಭದಲ್ಲಿ ಮುಳ್ಳಿನಂತೆ ಎದ್ದಿರುವುದು ನೇರ ದನಿ. ಅದನ್ನು ಹಾಗೇ ಉಳಿಸಿದರೆ ಒಣ ದನಿಯೊಂದಿಗೆ ಕೂಡಿ ಕೆಲವು ಆವರ್ತನಗಳು ಕಳೆದುಹೋಗುತ್ತವೆ, ಡಬ್ಬಿಯೊಳಗೆ ನುಡಿಸಿದಂತಾಗುತ್ತದೆ. ಮೊದಲ ಪ್ರತಿಫಲನದವರೆಗೂ ಕತ್ತರಿಸಿ, ಆ ಅಂತರವನ್ನು ಪ್ರೀ-ಡಿಲೇಯಲ್ಲಿ (ರಿವರ್ಬ್ ಶುರುವಾಗುವ ಮೊದಲಿನ ತಡ) ಕೊಡಿ: ಮುಂದಿಗೆ 20–25, ನಡುವಿಗೆ 12–15, ಹಿಂದಿಗೆ 5–8 ಮಿಲಿಸೆಕೆಂಡ್. ಇದನ್ನು ತಿರುವುಮುರುವು ಮಾಡುವವರೇ ಹೆಚ್ಚು. ಹತ್ತಿರದ ವಯಲಿನ್ ನೇರ ದನಿ ಕೇಳಿ ತುಸು ಹೊತ್ತಾದ ಮೇಲೆ ಗೋಡೆಯ ದನಿ ಬರುತ್ತದೆ. ಹಿಂಗೋಡೆಗೆ ಒತ್ತಿ ಕೂತ ಟ್ರಾಂಬೋನಿನದು ಎರಡೂ ಹೆಚ್ಚುಕಡಿಮೆ ಒಟ್ಟಿಗೇ. ದನಿ ಒಂದು ಮಿಲಿಸೆಕೆಂಡಿಗೆ ಸಾಗುವುದು ಸುಮಾರು 34 ಸೆಂಟಿಮೀಟರ್, ಲೆಕ್ಕ ಹಾಕಿಕೊಳ್ಳಿ.

ಪ್ರತಿಫಲನ ಬಸ್‌ಗೆ ಸೆಂಡ್ (ಟ್ರ್ಯಾಕಿನಿಂದ ಬಸ್‌ಗೆ ಕಳಿಸುವ ದನಿಯ ಪ್ರಮಾಣ), ಫೇಡರ್ (ಟ್ರ್ಯಾಕಿನ ದನಿಮಟ್ಟದ ಗುಂಡಿ) ನಂತರದ್ದು: ತಂತಿ −14, ವುಡ್‌ವಿಂಡ್ −9, ಬ್ರಾಸ್ −6 ಡೆಸಿಬೆಲ್‌ನಿಂದ ಶುರುಮಾಡಿ. ಬಾಲಕ್ಕೆ ಎಲ್ಲವೂ ಇದಕ್ಕಿಂತ 3–4 ಕಡಿಮೆ. ಬ್ರಾಸ್‌ನ ಒಣ ದನಿಯಲ್ಲಿ 8 ಕಿಲೋಹರ್ಟ್ಸ್ ಮೇಲೆ 2 ಡೆಸಿಬೆಲ್ ತಗ್ಗಿಸಿ. ಬಾಲದ ಬಸ್‌ನಲ್ಲಿ 150 ಹರ್ಟ್ಸ್ ಕೆಳಗೆ, 7 ಕಿಲೋಹರ್ಟ್ಸ್ ಮೇಲೆ ಕತ್ತರಿಸಿ. ಬಾಸ್ ಡ್ರಮ್ ಗುಂಯ್‌ಗುಟ್ಟುವುದು ನಿಲ್ಲುತ್ತದೆ. ಪ್ಯಾನ್ ವಿಚಾರದಲ್ಲಿ ಒಂದು ಎಚ್ಚರ: ಸ್ಟೀರಿಯೊ ಟ್ರ್ಯಾಕಿನ ಮಾಮೂಲಿ ಪ್ಯಾನ್ ಗುಂಡಿ ಹಲವು ಕಡೆ ಒಂದು ಬದಿಯನ್ನು ತಗ್ಗಿಸುತ್ತದೆಯೇ ಹೊರತು ವಾದ್ಯವನ್ನು ಸರಿಸುವುದಿಲ್ಲ. ಅಗಲವನ್ನು ಅರ್ಧಕ್ಕೆ ಇಳಿಸಿ, ಆಮೇಲೆ ಸರಿಸಿ.

ಪರೀಕ್ಷೆಗೆ ಇಡೀ ಆರ್ಕೆಸ್ಟ್ರಾದ ಒಂದು ಸ್ಟಕ್ಯಾಟೊ (ಚುಟುಕಾಗಿ ನುಡಿಸಿ ನಿಲ್ಲಿಸುವ) ಸ್ವರಮೇಳ, ನಂತರ ಒಂದೆರಡು ಬಾರ್ ಮೌನ ಬರೆಯಿರಿ. ಪ್ರತಿಫಲನಕ್ಕೂ ಬಾಲಕ್ಕೂ ನಡುವೆ ಸಂದು ಕೇಳಿಸಿದರೆ ಬಾಲದ ಪ್ರೀ-ಡಿಲೇ ಕಡಿಮೆ ಮಾಡಿ. ಲೋಹದ ಝಣಝಣ ಬಂದರೆ ಡಿಫ್ಯೂಷನ್ (ಮರುದನಿಗಳ ಹರಡುವಿಕೆ) ಹೆಚ್ಚಿಸಿ. ಅದಕ್ಕೆ ಮಾಡ್ಯುಲೇಷನ್ (ರಿವರ್ಬ್‌ನ ದನಿಯನ್ನು ತುಸು ಅಲುಗಿಸುವುದು) ಮೊರೆಹೋದರೆ ಓಬೋದ ಉದ್ದ ಸ್ವರ ನಡುಗಲು ತೊಡಗುತ್ತದೆ. ಹೆಡ್‌ಫೋನಿನಲ್ಲಿ ಹದವೆನಿಸಿದ ಬಾಲ ಸ್ಪೀಕರಿನಲ್ಲಿ ಕಡಿಮೆ ಎನಿಸುವುದು ಸಹಜ, ಆಗ ಬಾಲದ ಬಸ್ಸನ್ನು 1–2 ಡೆಸಿಬೆಲ್ ಏರಿಸಿ, ಸೆಂಡ್‌ಗಳನ್ನು ಮುಟ್ಟಬೇಡಿ.