ಆಫೀಸ್ ಗ್ರೂಪಿನ ಚಾಷ್ಟಿ ನಿಲ್ಲಿಸಿದ್ದು ಹೀಗೆ

ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಡಿಸ್ಟ್ರಿಬ್ಯೂಟರ್ ಆಫೀಸಿನಲ್ಲಿ ಎಚ್‌ಆರ್ ಕೆಲಸ ನನ್ನದು. ಸೇಲ್ಸ್ ಹುಡುಗರು, ಬಿಲ್ಲಿಂಗ್‌ನವರು, ಗೋದಾಮಿನವರು ಎಲ್ಲರಿಗೂ ಒಂದೇ ವಾಟ್ಸ್ಆ್ಯಪ್ ಗ್ರೂಪ್ ಇತ್ತು. ಹಗಲು ಸ್ಟಾಕ್, ಆರ್ಡರ್. ರಾತ್ರಿ ಬೇರೆಯೇ ಮಾತು. ಒಮ್ಮೆ ಬಿಲ್ಲಿಂಗ್ ಹುಡುಗಿಯೊಬ್ಬಳ ಡಿಪಿ ತೆಗೆದು, ಕೆಳಗೆ ಹೊಲಸು ಸಾಲು ಬರೆದು ಹಾಕಿದ್ದರು. (ದೂರು ಕೊಟ್ಟವರ ಗುರುತು ಬಯಲು ಮಾಡಬಾರದು ಅಂತ ಕಾನೂನೇ ಹೇಳುತ್ತದೆ, ಅದಕ್ಕೇ ವಿವರ ಸ್ವಲ್ಪ ಬದಲಿಸಿದ್ದೇನೆ.)

ಅವಳು ನನ್ನ ಹತ್ತಿರ ಬರುವಷ್ಟರಲ್ಲಿ ಕಳಿಸಿದವನು ಅದನ್ನು ಎಲ್ಲರ ಫೋನಿನಿಂದಲೂ ಡಿಲೀಟ್ ಮಾಡಿದ್ದ. ಪುಣ್ಯಕ್ಕೆ ಗೋದಾಮಿನ ಹಿರಿಯರೊಬ್ಬರು ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರು. ಈಗ ಎಲ್ಲರಿಗೂ ಮೊದಲು ಹೇಳುವುದು ಇದನ್ನೇ: ಬೈದು ಉತ್ತರ ಕೊಡುವ ಮುಂಚೆ, ಬ್ಲಾಕ್ ಮಾಡುವ ಮುಂಚೆ, ಕಳಿಸಿದವರ ನಂಬರ್, ತಾರೀಖು, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ, ಚಾಟ್ ಎಕ್ಸ್‌ಪೋರ್ಟ್ ಮಾಡಿಡಿ, ಆ ಫೋನ್ ರೀಸೆಟ್ ಮಾಡಬೇಡಿ. ಪೊಲೀಸ್, ಕೋರ್ಟ್ ಅಂತ ಹೋದರೆ ಬರೀ ಪ್ರಿಂಟ್ ತೆಗೆದ ಹಾಳೆ ಸಾಲದು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಅದನ್ನು ಯಾವ ಫೋನಿನಿಂದ ಹೇಗೆ ತೆಗೆದದ್ದು ಅಂತ ಹೇಳುವ ಸರ್ಟಿಫಿಕೇಟ್ ಕೂಡ ಬೇಕು.

ಕಳಿಸಿದವನನ್ನು ಕರೆದು ಕೇಳಿದರೆ, "ಚಾಷ್ಟಿಗೆ ಹಾಕೀನ್ರಿ ಮೇಡಂ, ಅದಕ್ಯಾಕ ಇಷ್ಟ ದೊಡ್ಡದು ಮಾಡ್ತೀರಿ?" ಅಂದ. ಮ್ಯಾನೇಜರ್ ಸಲಹೆ ಇನ್ನೂ ಚಂದ: ಅವಳನ್ನೇ ಗ್ರೂಪಿನಿಂದ ತೆಗೆದುಬಿಡಿ! ನಾನು ಒಪ್ಪಲಿಲ್ಲ. 10 ಅಥವಾ ಹೆಚ್ಚು ಜನ ಇರುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು ಅನ್ನುತ್ತದೆ, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಘಟನೆ ಆಗಿ 3 ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು, ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಅವಳು ಬರೆದುಕೊಟ್ಟಳು. ವಿಚಾರಣೆ ಮುಗಿಯುವವರೆಗೆ ಅವನನ್ನು ಬೇರೆ ಕಡೆ ಹಾಕಿ ಅಂತಲೂ ಕೇಳಿದಳು, ಅದಕ್ಕೂ ಕಾಯ್ದೆಯಲ್ಲಿ ಅವಕಾಶ ಇದೆ. ಅವನು ಗದಗ ಲೈನಿಗೆ ಹೋದ. ಕೊನೆಗೆ ಸಮಿತಿ ಶಿಫಾರಸಿನಂತೆ ಇನ್‌ಕ್ರಿಮೆಂಟೂ ನಿಂತಿತು.

ಈ ಕಾಯ್ದೆಯಡಿ ದೂರು ಕೊಡಲು ಬರುವುದು ಹೆಣ್ಣುಮಕ್ಕಳಿಗೆ ಮಾತ್ರ. ಡೆಲಿವರಿ ಹುಡುಗನನ್ನು ಸೂಪರ್‌ವೈಸರ್ ಗ್ರೂಪಿನಲ್ಲಿ ಬಾಯಿಗೆ ಬಂದಂತೆ ಬೈದರೆ? ಅದಕ್ಕೇ ನೇಮಕಾತಿ ಪತ್ರದಲ್ಲೇ ಆನ್‌ಲೈನ್ ನಡವಳಿಕೆಯ ನಿಯಮ ಸೇರಿಸಿದೆವು. ಕೆಲಸದ ಗ್ರೂಪಿನಲ್ಲಿ ಸಂಜೆ ಮೇಲೆ ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಸೆಟ್ಟಿಂಗ್ ಇಟ್ಟೆವು. ಬಿಲ್ಲಿಂಗ್‌ನ ಹಿರಿಯ ಅಕ್ಕ ಒಬ್ಬರು ಈಗ ಅಡ್ಮಿನ್.

ಆದರೆ ಜಾಸ್ತಿ ಫರಕ್ಕು ಬಿದ್ದಿದ್ದು ಬಿಲ್ಲಿನಿಂದ. ಬಿಲ್ ಮೇಲೆ ಬಿಲ್ಲಿಂಗ್ ಹುಡುಗಿಯರ ಸ್ವಂತ ನಂಬರ್ ಪ್ರಿಂಟ್ ಆಗುತ್ತಿತ್ತು, ಅದನ್ನು ನೋಡಿ ಅಂಗಡಿಯವರು ಕೆಲವರು ರಾತ್ರಿ ಸುಮ್ನೆ ಗುಡ್ ನೈಟ್, ಫೋಟೋ ಕಳಿಸೋದು, ವಿಡಿಯೋ ಕಾಲ್ ಮಾಡೋದು. ನಂಬರ್ ತೆಗೆಸಿ ಆಫೀಸ್ ನಂಬರ್ ಹಾಕಿಸಿದೆ. "ಮೇಡಮ್ಮಾರ ನಂಬರ್ ಎಲ್ಲಿ ಹೋತ್ರಿ?" ಅಂತ ಒಂದಿಬ್ಬರು ಕೇಳಿದರು. ಆರ್ಡರ್ ಇದ್ದರೆ ಇದಕ್ಕೇ ಮಾಡ್ರಿ ಅಂದೆ.