ಐಹೊಳೆ ಮೊದಲು, ಬಾದಾಮಿ ಕೊನೆಗೆ

ಬಾದಾಮಿಯಲ್ಲಿ ಉಳಿದುಕೊಂಡವರನ್ನು ಬೆಳಿಗ್ಗೆ 6 ಗಂಟೆಗೆ ಕಾರು ಹತ್ತಿಸಿ ಸೀದಾ ಐಹೊಳೆಗೆ ಕರೆದುಕೊಂಡು ಹೋಗುತ್ತೇನೆ ಅಂದಾಗ ನಮ್ಮ ಗೈಡ್‌ಗಳ ಸ್ಟ್ಯಾಂಡಿನಲ್ಲಿ ಯಾರೂ ಒಪ್ಪಲಿಲ್ಲ. ನಾವೆಲ್ಲ ಕಾಕಾ ಎಂದು ಕರೆಯುವ ಹಿರಿಯ ಗೈಡ್ ಒಬ್ಬರಿದ್ದಾರೆ. ಅವರು, "ಏನಪಾ, ಮನಿ ಮುಂದ ಗವಿ ಇಟಗೊಂಡು ಮೂವತ್ತೈದು ಕಿಲೋಮೀಟರ್ ಹೋಗಿ ಶುರು ಮಾಡ್ತೀಯಾ? ಒಬ್ಬ ಗಿರಾಕಿನೂ ಒಪ್ಪಂಗಿಲ್ಲ ನೋಡು" ಅಂದರು. ಹೋದ ಸೀಸನ್ನಿನಲ್ಲಿ ಅದೇ ದಾರಿಯಲ್ಲಿ ನಾನು 70ಕ್ಕಿಂತ ಜಾಸ್ತಿ ಟ್ರಿಪ್ ಮಾಡಿದ್ದೇನೆ. ಅರ್ಧಕ್ಕರ್ಧ ಜನ, ಮೊದಲು ಬಂದವರು ಹೇಳಿ ಕಳಿಸಿದವರೇ. ಈಗ ನಾಲ್ಕೈದು ಜನ ಗೈಡ್ ಗೆಳೆಯರು "ಹೆಂಗ್ ಮಾಡ್ತೀರಿ" ಎಂದು ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಎಲ್ಲರೂ ಮಾಡುವ ಕ್ರಮ ನಿಮಗೆ ಗೊತ್ತೇ ಇದೆ. 9 ಗಂಟೆಗೆ ಗುಹೆ, ಆಮೇಲೆ ಕೆರೆ, ಮ್ಯೂಸಿಯಂ, ಹೋಟೆಲ್ ಊಟ. ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಓಡೋಡಿ ಐಹೊಳೆ. ನಾನೂ 2019ರಲ್ಲಿ ಹಾಗೇ ಶುರು ಮಾಡಿದೆ. ಒಂದು ಟ್ರಿಪ್ ನೆನಪಾದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಮೈಸೂರಿನಿಂದ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ ಬಂದಿದ್ದರು, ಮಾರ್ಚ್ ಮೊದಲ ವಾರ. ಮಧ್ಯಾಹ್ನ 2 ಗಂಟೆಗೆ ಪಟ್ಟದಕಲ್ಲಿಗೆ ಹೋದೆವು. ವಿರೂಪಾಕ್ಷ ದೇವಸ್ಥಾನದಲ್ಲಿ ಪೂಜೆ ನಡೆಯುತ್ತದಲ್ಲ, ಚಪ್ಪಲಿ ಬಿಡಲೇಬೇಕು. ಕಲ್ಲು ಕಾದ ಹಂಚಿನ ಹಾಗೆ ಇತ್ತು. ಅಮ್ಮ ನಾಲ್ಕು ಹೆಜ್ಜೆ ಇಟ್ಟು ವಾಪಸ್ ಬಂದರು. "ನೀವು ಹೋಗಿ ಬನ್ನಿ, ನಾನು ಇಲ್ಲೇ ಮರದ ಕೆಳಗೆ ಕೂತಿರ್ತೀನಿ" ಅಂದರು. ಒಬ್ಬ ರಾಣಿ ಕಟ್ಟಿಸಿದ ದೇವಸ್ಥಾನ. ಅದನ್ನು ನೋಡುವ ಆಸೆ ಹೊತ್ತು ಅಷ್ಟು ದೂರದಿಂದ ಬಂದ ಹೆಣ್ಣುಮಗಳು ಹೊರಗೆ ಕೂತಳು. ಐಹೊಳೆ ತಲುಪಿದಾಗ ಇಬ್ಬರೂ ಕಾರಿನಲ್ಲೇ ನಿದ್ದೆ ಹೋಗಿದ್ದರು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಅವತ್ತು ಅವರು ಪೂರ್ತಿ ದುಡ್ಡು ಕೊಟ್ಟರು. ಅದನ್ನು ತಗೊಳ್ಳುವಾಗ ಕೈ ಹಿಂಜರಿಯಿತು.

ಆಗ ದುಡ್ಡಿನಲ್ಲೂ ಏನೂ ಉಳಿಯುತ್ತಿರಲಿಲ್ಲ. ಬೆಂಗಳೂರಿನ ಟ್ರಾವೆಲ್ಸ್‌ನವರೊಬ್ಬರು ಗಿರಾಕಿ ಕಳಿಸುತ್ತಿದ್ದರು. ಗಿರಾಕಿಯಿಂದ ಎಷ್ಟು ತಗೊಂಡರೋ, ನನಗೆ ಸಿಗುತ್ತಿದ್ದದ್ದು ಕಾರು ಸೇರಿ 4,500. ಅದರಲ್ಲಿ ಕಾರಿನ ಬಾಡಿಗೆ, ಡ್ರೈವರ್ ಭತ್ಯೆ, ಪಾರ್ಕಿಂಗ್ ಕಳೆದರೆ 800, ಬಹಳ ಅಂದರೆ ಸಾವಿರ. ಬಾಕಿ ತುಂಬಿಕೊಳ್ಳಲು ಊಟದ ಹೋಟೆಲಿನ ಕಮಿಷನ್ ನೋಡಬೇಕಿತ್ತು. ಕಮಿಷನ್ ಬೇಕು ಅಂದರೆ ಅವರು ಹೇಳಿದ ಹೋಟೆಲಿಗೇ ಹೋಗಬೇಕು. ಆ ಹೋಟೆಲಿನಲ್ಲಿ ಊಟ ಬರಲು ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯೇ ಐಹೊಳೆಯನ್ನು ತಿನ್ನುತ್ತಿತ್ತು.

2020ರಲ್ಲಿ ಸ್ಮಾರಕಗಳೆಲ್ಲ ಮುಚ್ಚಿದವಲ್ಲ, ಆಗ ಕೂತು ಯೋಚಿಸಲು ಸಮಯ ಸಿಕ್ಕಿತು. ಒಂದು ನೋಟ್‌ಬುಕ್ಕಿನಲ್ಲಿ ಮೂರೂ ಊರು ಬರೆದೆ. ಯಾವ ಗುಡಿಗೆ ಎಷ್ಟು ಹೊತ್ತಿಗೆ ಬಿಸಿಲು, ಎಲ್ಲಿ ಚಪ್ಪಲಿ ಬಿಡಬೇಕು, ಎಲ್ಲಿ ನೆರಳು, ಎಲ್ಲಿ ಹತ್ತಬೇಕು. ಇಷ್ಟು ಬರೆದ ಮೇಲೆ ಉತ್ತರ ತಾನಾಗೇ ಕಂಡಿತು. ಹತ್ತುವುದು ಬೆಳಿಗ್ಗೆ. ಬರಿಗಾಲು 11ರ ಒಳಗೆ. ನೆರಳಿನ ಗುಹೆ ಮಧ್ಯಾಹ್ನದ ಮೇಲೆ. ಸೂರ್ಯ ಮುಳುಗುವುದು ಕೆರೆ ದಂಡೆಯಲ್ಲಿ. ಅಂದರೆ ಐಹೊಳೆ, ಪಟ್ಟದಕಲ್ಲು, ಬಾದಾಮಿ. ನಾವು ಇಷ್ಟು ವರ್ಷ ಮಾಡಿದ್ದು ಪೂರ್ತಿ ಉಲ್ಟಾ!

ಕಾಕಾ ಇನ್ನೊಂದು ಮಾತು ಹೇಳಿದ್ದರು, ಅದರಲ್ಲಿ ನಿಜ ಇತ್ತು. "ಕಥಿ ತಳಮೇಲಾಗ್ತದ." ಬಾದಾಮಿಯ ಮೂರನೇ ಗುಹೆಯಲ್ಲಿರುವ ಚಾಲುಕ್ಯರ ಮಂಗಳೇಶನ ಶಾಸನ 578ರದು. ಐಹೊಳೆಯ ಗುಡ್ಡದ ಮೇಲಿನ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿ ಶಾಸನ ಬರೆಸಿದ್ದು 634ರಲ್ಲಿ. ವಿರೂಪಾಕ್ಷ ಎದ್ದದ್ದು 740ರ ಆಸುಪಾಸು, ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ಇಸವಿ ಹಿಡಿದು ಹೋದರೆ ಬಾದಾಮಿಯೇ ಮೊದಲು ಬರಬೇಕು. ಮೊದಲ ಹತ್ತು ಹನ್ನೆರಡು ಟ್ರಿಪ್ಪುಗಳಲ್ಲಿ ನಾನು ಇಲ್ಲೇ ಎಡವಿದೆ. ಐಹೊಳೆಯಲ್ಲಿ ನಿಂತು "ಇದಕ್ಕಿಂತ ಮೊದಲು ಬಾದಾಮಿಯಲ್ಲಿ..." ಎಂದು ಶುರು ಮಾಡುತ್ತಿದ್ದೆ. ನೋಡದ ಜಾಗದ ಬಗ್ಗೆ ಹತ್ತು ನಿಮಿಷ ಹೇಳಿದರೆ ಯಾರು ಕೇಳುತ್ತಾರೆ? ಜನ ಮೊಬೈಲ್ ತೆಗೆಯುತ್ತಿದ್ದರು.

ಆಮೇಲೆ ಇಸವಿ ಬಿಟ್ಟೆ. ತೊಲೆ ಹಿಡಿದೆ.

ನಮ್ಮ ಕಡೆಯ ಹಳೇ ಮನೆ ನೋಡಿದ್ದೀರಲ್ಲ? ಕಂಬ, ಅದರ ಮೇಲೆ ತೊಲೆ, ತೊಲೆ ಮೇಲೆ ಜಂತಿ, ಮೇಲೆ ಮಣ್ಣು. ಐಹೊಳೆಯ ಲಾಡಖಾನ್ ಗುಡಿಯ ಮೇಲೆ ನೋಡಿ. ಚಾವಣಿಯ ಚಪ್ಪಡಿಗಳ ಸಂದು ಮುಚ್ಚಲು ಉದ್ದುದ್ದ ಕಲ್ಲಿನ ಪಟ್ಟಿ ಇಟ್ಟಿದ್ದಾರೆ, ಥೇಟ್ ಮರದ ದಿಮ್ಮಿ ಹಾಗೆ. ಮರದ ಮನೆ ಕಟ್ಟಿ ಗೊತ್ತಿದ್ದ ಕೈಗಳು ಕಲ್ಲಿನಲ್ಲೂ ಅದನ್ನೇ ಮಾಡಿವೆ. ಅಲ್ಲಿ ಇಷ್ಟೇ ಹೇಳಿ ಬಿಡುತ್ತೇನೆ. ಪಟ್ಟದಕಲ್ಲಿಗೆ ಬಂದಾಗ ವಿರೂಪಾಕ್ಷದ ಸಭಾಮಂಟಪದಲ್ಲಿ ತಲೆ ಎತ್ತಿಸುತ್ತೇನೆ. ಇಲ್ಲಿ ತೊಲೆ ನಿಜವಾಗಿ ಭಾರ ಹೊತ್ತಿದೆ. ತೆಗೆದರೆ ಮೇಲಿನದೆಲ್ಲ ಕೆಳಗೆ ಬೀಳುತ್ತದೆ. ಸಂಜೆ ಬಾದಾಮಿಯ ಮೂರನೇ ಗುಹೆ. ಅಲ್ಲೂ ಕಂಬಗಳ ಮೇಲೆ ತೊಲೆ ಇದೆ. ನಾನು ಸುಮ್ನೆ ನಿಲ್ಲುತ್ತೇನೆ, ಏನೂ ಹೇಳುವುದಿಲ್ಲ. ಹತ್ತರಲ್ಲಿ ಏಳು ಸಲ ಗುಂಪಿನಲ್ಲಿ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. ಒಮ್ಮೆ 11 ವರ್ಷದ ಹುಡುಗ ಕೇಳಿದ, "ಅಂಕಲ್, ಇದು ಬಂಡೆ ಕೊರೆದಿದ್ದು ಅಲ್ವಾ? ಇಲ್ಲಿ ತೊಲೆ ಯಾಕೆ? ಅದು ಏನನ್ನ ಹೊತ್ಕೊಂಡಿದೆ?" ಏನನ್ನೂ ಹೊತ್ತಿಲ್ಲ! ಇಡೀ ಗುಡ್ಡ ತನ್ನನ್ನು ತಾನೇ ಹೊತ್ತಿದೆ. ಶಿಲ್ಪಿಗೆ ಮನೆ ಅಂದರೆ ತೊಲೆ ಇರಲೇಬೇಕು, ಅದಕ್ಕೆ ಕೆತ್ತಿದ. ಆ ಹುಡುಗನ ಮುಖ ನೋಡಬೇಕಿತ್ತು ನೀವು. ಮೊದಲು ಕಟ್ಟಿದ್ದು ನೋಡಿ ಆಮೇಲೆ ಕೊರೆದದ್ದು ನೋಡಿದರೆ ಮಾತ್ರ ಈ ಪ್ರಶ್ನೆ ಹುಟ್ಟುತ್ತದೆ. ಬೆಳಿಗ್ಗೆಯೇ ಗುಹೆ ತೋರಿಸುತ್ತಿದ್ದ ವರ್ಷಗಳಲ್ಲಿ ಒಬ್ಬರೂ ಕೇಳಿರಲಿಲ್ಲ.

ನೋಡುವ ಜಾಗಗಳನ್ನೂ ಕಡಿಮೆ ಮಾಡಿದೆ. ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಬೈಗುಳ ತಿಂದಿದ್ದೇನೆ. ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿ, ನಾನು ತೋರಿಸುವುದು ಮೂರು ಜಾಗ: ಮೇಗುತಿ, ರಾವಣಫಡಿ ಗುಹೆ, ದುರ್ಗ ಗುಡಿಯ ಆವರಣ (ಲಾಡಖಾನ್ ಗುಡಿಯೂ ಇದರೊಳಗೇ ಬಂತು). ದುರ್ಗ ಗುಡಿಯ ಕಂಬಗಳ ನಡುವೆ ಬೆಳಗಿನ ಓರೆ ಬೆಳಕು ಬೀಳುವ ಹೊತ್ತಿಗೆ ಅಲ್ಲಿ ನಮ್ಮನ್ನು ಬಿಟ್ಟು ಯಾರೂ ಇರುವುದಿಲ್ಲ. ಅದು ದುರ್ಗಾದೇವಿಯ ಗುಡಿ ಅಲ್ಲ, ಕೋಟೆ ಅಂದರೆ ದುರ್ಗದಿಂದ ಬಂದ ಹೆಸರು ಎಂದು ಹೇಳುವುದನ್ನು ಮರೆಯಬೇಡಿ. ಬಂದವರಲ್ಲಿ ಮುಕ್ಕಾಲು ಜನ ದೇವಿ ಎಲ್ಲಿ ಎಂದು ಹುಡುಕುತ್ತಾರೆ. ಪಟ್ಟದಕಲ್ಲಿನಲ್ಲಿ ಸಂಗಮೇಶ್ವರ, ವಿರೂಪಾಕ್ಷ, ಪಾಪನಾಥ. ಮಿಕ್ಕದ್ದನ್ನು ನಡೆಯುತ್ತಾ ನೋಡುವುದು. ವಿರೂಪಾಕ್ಷಕ್ಕೆ ಒಂದು ಗಂಟೆ ಪೂರ್ತಿ ಕೊಡುತ್ತೇನೆ. ರಾಣಿ ಲೋಕಮಹಾದೇವಿಯ ಹೆಸರು, ಕಟ್ಟಿದ ಗುಂಡನ ಹೆಸರು, ಎರಡೂ ಶಾಸನದಲ್ಲಿ ಉಳಿದಿವೆ. ಕಟ್ಟಿಸಿದವಳೂ ಕಟ್ಟಿದವನೂ ಇಬ್ಬರೂ ಹೆಸರಿನಿಂದ ಗೊತ್ತಿರುವ ಗುಡಿಯಲ್ಲಿ ಓಡಾಡಿಸಿ ಹೊರಗೆ ತರುವುದು ಪಾಪ.

ಕಾಲಿನ ಉಪಾಯ: ದಪ್ಪ ಹತ್ತಿ ಕಾಲುಚೀಲ. ಜೋಡಿಗೆ 30 ರೂಪಾಯಿ ಹಾಗೆ ಹೋಲ್‌ಸೇಲಿನಲ್ಲಿ ತರುತ್ತೇನೆ, ಗಿರಾಕಿಗೆ ಹಾಗೇ ಕೊಟ್ಟುಬಿಡುತ್ತೇನೆ. ಇಡೀ ದಿನದಲ್ಲಿ ನಾನು ಮಾಡುವ ಅತಿ ಚಿಕ್ಕ ಖರ್ಚು ಅದು. ಜನ ಮನೆಗೆ ಹೋದ ಮೇಲೂ ನೆನೆಸುವುದು ಅದನ್ನೇ.

ಬೆಳಿಗ್ಗೆ ಬೇಗ ಹೊರಡಲು ಒಪ್ಪಿಸುವುದೇ ದೊಡ್ಡ ಕೆಲಸ. ಮೊದಲು ಬೆಲೆ ಇಳಿಸಿ ನೋಡಿದೆ, 500 ಕಡಿಮೆ ಅಂದೆ. ಉಪಯೋಗವಾಗಲಿಲ್ಲ. ಬೆಲೆ ಇಳಿಸಿದರೆ ಏನೋ ಕೊರತೆ ಇದೆ ಅಂತ ಅನುಮಾನ ಬರುತ್ತದೆ. ಈಗ ರಾತ್ರಿಯೇ ಎರಡು ಫೋಟೋ ಕಳಿಸುತ್ತೇನೆ, ಅಷ್ಟೇ. ಯಾವ ಎರಡು ಫೋಟೋ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ. ಐಹೊಳೆಯಲ್ಲಿ ಅಷ್ಟು ಬೇಗ ತಿಂಡಿ ಸಿಗುವುದು ಕಷ್ಟ. ಬಾದಾಮಿಯಿಂದಲೇ ಉಪ್ಪಿಟ್ಟು, ಇಡ್ಲಿ ಕಟ್ಟಿಸಿಕೊಂಡು, ಫ್ಲಾಸ್ಕಿನಲ್ಲಿ ಚಹಾ ಒಯ್ಯಿರಿ. ಮೇಗುತಿ ಇಳಿದು ಬಂದ ಮೇಲೆ ಮರದ ಕೆಳಗೆ ಕೂತು ತಿಂದರೆ ಅದರ ರುಚಿಯೇ ಬೇರೆ. ತಿಂದ ಎಲೆ, ಕಾಗದ ಕಾರಿನಲ್ಲೇ ವಾಪಸ್ ಬರಬೇಕು. ಇದು ನನ್ನ ಕಟ್ಟುನಿಟ್ಟು.

ಮಧ್ಯಾಹ್ನದ ಊಟಕ್ಕೆ ಹೋಟೆಲ್ ಪೂರ್ತಿ ಬಿಟ್ಟೆ. ಬಾದಾಮಿ ಪಕ್ಕದ ಬನಶಂಕರಿಗೆ ಹೋಗುತ್ತೇನೆ. ಗುಡಿ ಹತ್ತಿರ ಬುಟ್ಟಿ ಹೊತ್ತು ಬರುವ ಅವ್ವಂದಿರು ಕೊಡುವ ಖಡಕ್ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮಣ್ಣಿನ ಕುಡಿಕೆಯ ಗಟ್ಟಿ ಮೊಸರು. ಕೂತ ಐದು ನಿಮಿಷಕ್ಕೆ ಊಟ ಮುಂದಿರುತ್ತದೆ. ಕಮಿಷನ್ ಇಲ್ಲ, ಆದರೆ ನನಗೆ ಅರ್ಧ ಗಂಟೆಗಿಂತ ಜಾಸ್ತಿ ಉಳಿಯುತ್ತದೆ. ನಾನು ಖಾಯಂ ಹೋಗುವ ಅವ್ವ ಒಬ್ಬರಿದ್ದಾರೆ. "ಇವತ್ತ ಎಷ್ಟ ಮಂದಿ ಅದೀರಿ?" ಎಂದು ಬೆಳಿಗ್ಗೆಯೇ ಫೋನ್ ಮಾಡಿ ಕೇಳುತ್ತಾರೆ. ಜನವರಿಯ ಜಾತ್ರೆ ದಿನಗಳಲ್ಲಿ ಮಾತ್ರ ಅಲ್ಲಿಗೆ ಕಾರು ಹೋಗುವುದಿಲ್ಲ ಎಂದೇ ಲೆಕ್ಕ ಇಟ್ಟುಕೊಳ್ಳಿ. ಮೊದಲ ವರ್ಷ ಅದನ್ನು ಮರೆತು ಜನಸಂದಣಿಯಲ್ಲಿ ಎರಡು ಗಂಟೆ ಸಿಕ್ಕಿಬಿದ್ದೆ, ಅವತ್ತು ಗುಹೆಗೆ ಹೋಗಿದ್ದು 5 ಗಂಟೆಗೆ.

ಈಗಿನ ಲೆಕ್ಕ ಸುಮಾರಾಗಿ ಹೇಳುತ್ತೇನೆ. ನಾಲ್ಕು ಜನರವರೆಗೆ 7,000. ಕಾರು, ಡ್ರೈವರ್ ಸೇರಿ 3,000. ಟಿಕೆಟ್ ನಮ್ಮವರಿಗೆ ಪಟ್ಟದಕಲ್ಲಿಗೆ 40, ಬಾದಾಮಿ, ಐಹೊಳೆಗೆ 25ರ ಹಾಗೆ, ಅಂದರೆ ತಲೆಗೆ 90. ಆನ್‌ಲೈನಿನಲ್ಲಿ ತಗೊಂಡರೆ ಪ್ರತಿ ಟಿಕೆಟ್ಟಿಗೆ 5 ರೂಪಾಯಿ ಕಡಿಮೆ. ದುಡ್ಡಿಗಿಂತ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಹೊರದೇಶದವರಿಗೆ 600 ಮತ್ತು 300, 300. ಅವರಿಗೆ ಟಿಕೆಟ್ ಬೇರೆ ಎಂದು ಮೊದಲೇ ಹೇಳಿ. ಒಮ್ಮೆ ಹೇಳದೆ ನಾಲ್ಕು ಜನರದು ನನ್ನ ಕೈಯಿಂದ ಹೋಯಿತು. ತಿಂಡಿ, ಊಟ, ನೀರು, ಕಾಲುಚೀಲ ಎಲ್ಲ ಸೇರಿ 900-1,000. ಕೈಗೆ 2,600ರ ಮೇಲೆ ಉಳಿಯುತ್ತದೆ. ಅದೇ ರಸ್ತೆ, ಅದೇ ಗುಡಿ, ಮೊದಲಿನ ಮೂರು ಪಟ್ಟು.

ದುಡ್ಡು ಕಳೆದುಕೊಂಡದ್ದೂ ಇದೆ. ಕಿವಿಗೆ ಹಾಕಿಕೊಳ್ಳುವ ಗೈಡ್ ಮೈಕ್ ಸೆಟ್ ತರಿಸಿದೆ, 18,000. ನಾಲ್ಕು ಜನಕ್ಕೆ ಅದು ಬೇಕೇ ಇಲ್ಲ. ಮುಖ ನೋಡಿ ಮಾತಾಡುವುದು ಹೋಗಿ ಎಲ್ಲರೂ ಒಂದೊಂದು ಮೂಲೆಗೆ ಚದುರುತ್ತಿದ್ದರು. ಕೊನೆಗೆ ಅರ್ಧ ಬೆಲೆಗೆ ಕೊಟ್ಟೆ. ಗುಳೇದಗುಡ್ಡದ ಖಣ ನೇಯುವವರ ಮನೆಗೂ ಕರೆದುಕೊಂಡು ಹೋಗಿ ನೋಡಿದೆ. ಹೆಣ್ಣುಮಕ್ಕಳಿಗೆ ಎಷ್ಟು ಇಷ್ಟವಾಯಿತು ಅಂದರೆ ಮಗ್ಗದ ಮುಂದಿನಿಂದ ಏಳಲೇ ಇಲ್ಲ. ಒಂದೂವರೆ ಗಂಟೆ ಹೋಯಿತು, ಸಂಜೆಯ ಕೆರೆ ತಪ್ಪಿತು. ಈಗ ಅದನ್ನು ಬೇರೆ ಅರ್ಧ ದಿನದ ಟ್ರಿಪ್ ಮಾಡಿದ್ದೇನೆ, 2,500ಕ್ಕೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಟಾರ್ಚಿನ ಪ್ರಯೋಗ. ಸವೆದ ಅಕ್ಷರಕ್ಕೆ ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಪಕ್ಕದಿಂದ, ಕಲ್ಲಿಗೆ ಸವರಿದ ಹಾಗೆ ಬಿಟ್ಟರೆ ಅಕ್ಷರದ ಗುಂಡಿಯಲ್ಲಿ ನೆರಳು ನಿಲ್ಲುತ್ತದೆ. ಆಗ ಸಾಲು ಎದ್ದು ಬರುತ್ತದೆ. ಮೂರನೇ ಗುಹೆಯ ಹತ್ತಿರ ಮಂಗಳೇಶನ ಕಾಲದ ಕನ್ನಡ ಶಾಸನವೂ ಇದೆಯಲ್ಲ, ಅದಕ್ಕೆ ಒಂದು ಕಾರ್ಡ್ ಮಾಡಿಸಿದೆ. ಒಂದು ಕಡೆ ಆಗಿನ ಅಕ್ಷರ, ಪಕ್ಕದಲ್ಲಿ ಈಗಿನದು, ಒಟ್ಟು ಹದಿನೈದು. ಮಕ್ಕಳ ಕೈಗೆ ಕೊಟ್ಟು "ಇದರಲ್ಲಿ ಎಷ್ಟು ಸಿಗುತ್ತೆ ಹುಡುಕಿ" ಅನ್ನುತ್ತೇನೆ. ಕಲ್ಲು ಮುಟ್ಟುವ ಹಾಗಿಲ್ಲ, ಕಣ್ಣಲ್ಲೇ ಹುಡುಕಬೇಕು. ಇಂಗ್ಲಿಷ್ ಶಾಲೆಯ ಮಕ್ಕಳು ಸಾವಿರದ ನಾನೂರು ವರ್ಷದ ಹಿಂದಿನ ಕನ್ನಡದಲ್ಲಿ ಅಕ್ಷರ ಹುಡುಕಿ ಕೂಗುವುದನ್ನು ಕೇಳಿದಾಗ ನನ್ನ ಕೆಲಸದ ಬಗ್ಗೆ ಹೆಮ್ಮೆ ಅನ್ನಿಸುತ್ತದೆ.

ಗುಹೆ ಇಳಿದು ಕೆರೆ ದಂಡೆಯ ಭೂತನಾಥ ಗುಡಿಗೆ ಬರುವಾಗ 5 ಗಂಟೆ ದಾಟಿರಬೇಕು, ಚಳಿಗಾಲದಲ್ಲಿ ಇನ್ನೂ ಸ್ವಲ್ಪ ಮೊದಲು. ಆ ಕೆರೆಯ, ಅಂದರೆ ಅಗಸ್ತ್ಯ ತೀರ್ಥದ, ಆ ಕಡೆ ಸೂರ್ಯ ಇಳಿಯುತ್ತಿರುತ್ತಾನೆ, ಈ ಕಡೆ ಬಂಡೆ ಕೆಂಪಾಗುತ್ತದೆ. ಅಲ್ಲಿ ಎಲ್ಲಿ ಕೂರಿಸಬೇಕು ಅನ್ನುವುದನ್ನು ನೀವೇ ಹುಡುಕಿಕೊಳ್ಳಿ, ನನಗೆ ಎರಡು ವರ್ಷ ಹಿಡಿಯಿತು. ಕೂತ ಮೇಲೆ ನಾನು ಜಾಸ್ತಿ ಮಾತಾಡುವುದಿಲ್ಲ. ತಟ್ಟುಕೋಟೆ ಕಡೆ ಕೈ ತೋರಿಸಿ ಅಲ್ಲಿನ ಕಪ್ಪೆ ಅರಭಟ್ಟನ ಹಳೇ ಶಾಸನದಲ್ಲಿರುವ ತ್ರಿಪದಿಯ ಮೊದಲ ಸಾಲು ಮಾತ್ರ ಹೇಳುತ್ತೇನೆ, "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ". ಅರ್ಥ ಕೇಳಿದರೆ ಹೇಳುತ್ತೇನೆ. ಬಹಳ ಜನ ಕೇಳದೆಯೇ ತಲೆ ಆಡಿಸುತ್ತಾರೆ.

ಆ ಮೈಸೂರಿನ ಮೇಷ್ಟ್ರಿಗೆ 2022ರಲ್ಲಿ ನಾನೇ ಫೋನ್ ಮಾಡಿದೆ. ಡಿಸೆಂಬರಿನಲ್ಲಿ ಬಂದರು, ಅವತ್ತು ನನ್ನ ಕೂಲಿ ತಗೊಳ್ಳಲಿಲ್ಲ. ಬೆಳಿಗ್ಗೆ 10 ಗಂಟೆಗೆ ಅಮ್ಮ ಕಾಲುಚೀಲ ಹಾಕಿಕೊಂಡು ವಿರೂಪಾಕ್ಷದ ಒಳಗೆ ಮುಕ್ಕಾಲು ಗಂಟೆ ಇದ್ದರು. ಜಟಾಯುವಿನ ಕೆತ್ತನೆ ಮುಂದೆ ನಿಂತು, ಅವರ ಅಜ್ಜಿ ಹೇಳುತ್ತಿದ್ದ ಕಥೆಯನ್ನು ಅವರೇ ನನಗೆ ಹೇಳಿದರು.

ಶುಕ್ರವಾರ ಮ್ಯೂಸಿಯಂ ಮುಚ್ಚಿರುತ್ತದೆ, ಅದನ್ನು ಗಿರಾಕಿಗೆ ಮೊದಲೇ ಹೇಳಿ. ಗುಹೆ ಹತ್ತಿರ ಮಂಗಗಳಿರುವಾಗ ಕೈಯಲ್ಲಿ ತಿಂಡಿ ಚೀಲ ಬೇಡ. ಮಳೆಗಾಲದಲ್ಲಿ ಈ ಕ್ರಮ ಪೂರ್ತಿ ನಡೆಯುವುದಿಲ್ಲ, ಮೇಗುತಿಯ ಮೆಟ್ಟಿಲು ಜಾರುತ್ತದೆ. ಆದರೆ ಜೋರು ಮಳೆ ಬಂದ ಮೇಲೆ ಬಾದಾಮಿಯಲ್ಲಿ ಅಕ್ಕ ತಂಗಿ ಜಲಪಾತ ಬಂಡೆ ಮೇಲಿಂದ ಧುಮುಕುತ್ತದೆ. ಅದನ್ನು ನಡುವೆ ಇಟ್ಟು ಈ ಆಗಸ್ಟಿನಲ್ಲಿ ಹೊಸ ದಾರಿ ನೋಡುತ್ತಿದ್ದೇನೆ. ಕಾಕಾ ಕೂಡ ಬರುತ್ತೇನೆ ಅಂದಿದ್ದಾರೆ.